ಮಂಗಳವಾರದ ಗುರ್ಜಿ, ಬುಧವಾರದ ಮಳೆ

ಹವಾಮಾನ ಹೇಳುವವನನ್ನೇ ಜನ ಹವಾಮಾನ ಮಾಡುವವನೆಂದು ತಿಳಿಯುತ್ತಾರೆ. ಬಿಸಿಲು ಹೆಚ್ಚಾದರೆ ಬೈಗುಳ ನನಗೆ, ಮಳೆ ಬಂದರೆ ಪುಣ್ಯ ಬೇರೆಯವರಿಗೆ. ನಾನು ಈ ಕುರ್ಚಿಯಲ್ಲಿ ಇರುವವರೆಗೆ ಇದು ನಡೆದೇ ಇರುತ್ತದೆ.

ಕೊಪ್ಪಳದಲ್ಲಿ ರೈತರಿಗೆ ಹವಾಮಾನದ ಸಂದೇಶ ಕಳಿಸುವ ಸಣ್ಣ ಕಚೇರಿಯೊಂದರಲ್ಲಿ ನಾನು ಗುತ್ತಿಗೆ ನೌಕರ. ಓದಿದ್ದು ಬಿ.ಎಸ್ಸಿ., ಭೌತಶಾಸ್ತ್ರ. ಮೇಲಿನಿಂದ ಬಂದ ಮುನ್ಸೂಚನೆಯನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಗೆ ತಕ್ಕಂತೆ ಬರೆದು, ನನ್ನ ದನಿಯಲ್ಲೇ ಓದಿ, ಜನರ ಮೊಬೈಲಿಗೆ ಕಳಿಸುವುದು ನನ್ನ ಕೆಲಸ. ಸಂದೇಶದ ಕೊನೆಗೆ ಕಚೇರಿಯ ನಂಬರ್ ಇರುತ್ತದೆ. ಆ ಫೋನು ನನ್ನ ಟೇಬಲ್ ಮೇಲಿದೆ. ಮುಂದಿನದೆಲ್ಲ ಅದರ ಕರ್ಮ.

ಮೇ ತಿಂಗಳ ಕೊನೆ. ಬಿಸಿಗಾಳಿ ಬಿಡುವ ಲಕ್ಷಣ ಇರಲಿಲ್ಲ. ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಕಾಯಿಸಿದಂಥ ನೀರು ಬರುತ್ತಿತ್ತು.

೧. ಕಡೀ ಪಂಕ್ತಿ

ಅಳವಂಡಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದರು. ಹೊಲ ಹರಗಿ ಮಳೆಗೆ ಕಾಯುತ್ತಿದ್ದವರು. ಊರಲ್ಲಿ ಎಲ್ಲರಿಗೂ ಅಕ್ಕನಂತೆ, ಹಾಗಾಗಿ ನನಗೂ ಅಕ್ಕ.

"ಸರ್ರ, ದಿನಾ ನಿಮ್ಮ ಮೆಸೇಜ್ ಕೇಳ್ತೀನಿ. ದಿನಾ ಮದ್ಲ ಕರಾವಳಿಗೆ ಮಳಿ ಕೊಡ್ತೀರಿ. ಆಮ್ಯಾಲ ದಕ್ಷಿಣ ಒಳನಾಡಿಗೆ ಈಟು. ನಮ್ಮ ಉತ್ತರ ಒಳನಾಡಿಗೆ ಬರೂದ್ರಾಗ ಒಣಹವಾ."

"ಅಕ್ಕಾರ, ಅದು ಓದೂ ಕ್ರಮ. ಮಳಿ ಹಂಚೂ ಕ್ರಮ ಅಲ್ರಿ."

"ಮದುವಿ ಊಟದಾಗೂ ಹಿಂಗ ಅಂತಾರ್ರಿ. ಕಡೀ ಪಂಕ್ತಿಗೆ ಬರೂದ್ರಾಗ ಹೋಳಿಗಿ ಮುಗದಿರ್ತಾವ. ಬರೇ ಅನ್ನ, ಸಾರು."

ಮೋಡಗಳು ಸಮುದ್ರದಿಂದ ಹೊರಟು, ಕರಾವಳಿ ದಾಟಿ, ಘಟ್ಟ ಹತ್ತಿ, ಆಮೇಲೆ ನಮ್ಮ ಕಡೆ ಬರುತ್ತವೆ ಎಂದು ಬಿಡಿಸಿ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ತಿಳೀತ್ರಿ. ಅದಕ್ಕ ಹೇಳಾಕತ್ತೀನಿ. ನಾಳಿಯಿಂದ ಈ ಕಡಿಂದ ಬಡಸಾಕ ಚಾಲೂ ಮಾಡ್ರಿ."

೨. ತಾಡಪತ್ರಿ

ಇಡೀ ಜಿಲ್ಲೆಯಲ್ಲಿ ಬಿಸಿಲು ಇನ್ನೂ ಇರಲಿ ಎನ್ನುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ. ಗಂಗಾವತಿ ಕಡೆಯ ಭತ್ತದ ರೈತರೊಬ್ಬರು. ಅವರ ಗದ್ದೆ ಕಾಲುವೆಯ ಕೊನೆಗಿದೆ. ನೀರು ತಡ, ನಾಟಿ ತಡ, ಕಟಾವೂ ತಡ. ಉಳಿದವರು ಭತ್ತ ಮಾರಿ ಕಾಲು ಚಾಚಿ ಕೂತಾಗ ಇವರದು ಡಾಂಬರು ರಸ್ತೆಯ ಮೇಲೆ ಒಣಗುತ್ತಿತ್ತು. ತೊಯ್ದರೆ ಮೊಳಕೆ ಒಡೆಯುತ್ತದೆ, ವ್ಯಾಪಾರಿ ಮುಟ್ಟುವುದಿಲ್ಲ. ಒಂದಿಡೀ ಬೆಳೆ ರಸ್ತೆಯ ಮೇಲಿತ್ತು.

ಒಂದು ಸಲ ನಾನು "ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ" ಎಂದಿದ್ದೆ. ಅವರು ಮನೆಮಂದಿಯನ್ನೆಲ್ಲ ಕರೆದು ಭತ್ತ ರಾಶಿ ಮಾಡಿ, ತಾಡಪತ್ರಿ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಿ ಕಾದರು. ಒಂದು ಹನಿಯೂ ಬೀಳಲಿಲ್ಲ. ತಾಡಪತ್ರಿಯ ಒಳಗೆ ಭತ್ತ ಬೆವರಿತು.

"ನೀವು ಹೇಳಿದ ಮಳಿ ಎಲ್ಲಿ ಹೋತ್ರಿ, ಸರ?"

"ಸಾಧ್ಯತೆ ಐತಿ ಅಂದಿದ್ದೆ, ಅಣ್ಣಾರ."

"ನಾ ಸಾಧ್ಯತಿಗೆ ತಾಡಪತ್ರಿ ಹೊಚ್ಚಿಲ್ರಿ, ಮಳಿಗೆ ಹೊಚ್ಚಿದ್ದೆ. ಇನ್ನ ಮ್ಯಾಲ ನೀವು ಮಳಿ ಅಂದ್ರ ನಾ ಭತ್ತ ಇನ್ನೀಟು ತೆಳ್ಳಗ ಹರವ್ತೀನಿ, ನೋಡ್ರಿ."

ಆದರೂ ಮರುದಿನ ಅವರದೇ ಫೋನು. ನಾನು ಹೇಳಿದ್ದಕ್ಕೆ ಉಲ್ಟಾ ಮಾಡಬೇಕಾದರೂ ನಾನು ಏನು ಹೇಳುತ್ತೇನೆಂದು ಅವರಿಗೆ ಗೊತ್ತಾಗಬೇಕಲ್ಲ.

೩. ಕುಷ್ಟಗಿಯ ತಂಪು

ತಾಲೂಕಿಗೊಂದು ಬಿಳಿ ಪೆಟ್ಟಿಗೆ ಇದೆ. ಬಯಲಿನಲ್ಲಿ, ನಾಲ್ಕು ಕಾಲಿನ ಮೇಲೆ. ಗಾಳಿ ಆಡಲು ಸುತ್ತ ಸಂದು ಬಿಟ್ಟ ಹಲಗೆ, ಒಳಗೆ ಉಷ್ಣಮಾಪಕ. ಅದನ್ನು ನೋಡಿಕೊಳ್ಳುವವರು ಮಧ್ಯಾಹ್ನ ಅಂಕಿ ಹೇಳುತ್ತಾರೆ, ನಾನು ಸಂದೇಶದಲ್ಲಿ ಸೇರಿಸುತ್ತೇನೆ.

ಮೊದಲ ತಕರಾರು ಬಂದದ್ದು ಯಲಬುರ್ಗಾದಿಂದ. ಒಬ್ಬ ಕಿರಾಣಿ ಅಂಗಡಿಯವರು.

"ನಮ್ಮ ಬಿಸಲು ಕುಷ್ಟಗಿಗಿಂತ ಕಮ್ಮಿ ಅಂತ ಹೆಂಗ ಹೇಳಿದ್ರಿ? ಇಲ್ಲಿ ನಾಯಿ ಸೈತ ನೆಳ್ಳ ಬಿಟ್ಟು ಏಳವಲ್ಲವು."

"ಅಳತಿಯೊಳಗ ಬಂದದ್ದು ಹೇಳೀನ್ರಿ."

"ಎಲ್ಲಾದ್ರಾಗೂ ನಮ್ಮ ತಾಲೂಕು ಹಿಂದ. ಬಿಸಲಿನ್ಯಾಗರ ಮುಂದ ಇರ್ಲಿ ಬಿಡ್ರಿ. ಭಾಳ ಬ್ಯಾಡ, ಕುಷ್ಟಗಿಗಿಂತ ಒಂದ ಪಾಯಿಂಟ್ ಜಾಸ್ತಿ ಹಾಕ್ರಿ, ಸಾಕು."

ಆಗುವುದಿಲ್ಲ ಎಂದೆ. ಎರಡು ದಿನ ಬಿಟ್ಟು ಕುಷ್ಟಗಿಯ ಅಂಕಿ ಧಡಕ್ಕನೆ ಇಳಿಯಿತು. ನಮ್ಮ ಸಾಹೇಬರು ಕುರ್ಚಿಯಿಂದ ಎದ್ದರು. "ನೋಡು, ಬಿಸಿಗಾಳಿ ಕುಷ್ಟಗಿಯಿಂದ ಬಿಡಾಕತ್ತೈತಿ. ಹಾಕು ಮೆಸೇಜ್."

ಹಾಕಿದೆ. ಆದರೆ ಉಳಿದ ಮೂರು ಕಡೆ ಕೆಂಡ ಹಾಗೇ ಇತ್ತು. ಒಂದೇ ಗಾಳಿ, ಒಂದೇ ಆಕಾಶ. ಕುಷ್ಟಗಿಗೆ ಮಾತ್ರ ಬೇರೆ ಕಾನೂನು ಇರಲಾರದು. ಮರುದಿನ ಬಸ್ ಹತ್ತಿದೆ.

ಪೆಟ್ಟಿಗೆಗೆ ಗೋಣಿಚೀಲ ಸುತ್ತಿತ್ತು. ನೋಡಿಕೊಳ್ಳುವ ಕಾಕಾ ತಂಬಿಗೆಯಿಂದ ಅದರ ಮೇಲೆ ನೀರು ಸುರಿಯುತ್ತಿದ್ದರು.

"ಇದೇನು ಕಾಕಾ?"

"ಬಿಸಲಾಗ ನಿಂತೈತಿ, ಪಾಪ. ಅದಲ್ದ, ನೀವು ದಿನಾ ಫೋನ್ ಹಚ್ಚಿ 'ಇಳಿದೈತೇನು, ಇಳಿದೈತೇನು' ಅಂತ ಕೇಳ್ತೀರಿ. ಎಷ್ಟು ದಿನ ಇಲ್ಲ ಅನ್ಲಿ? ನನಗ ನಾಚಿಕಿ ಬಂತು."

ಗೋಣಿಚೀಲ ಬಿಚ್ಚಿಸಿ, ಆ ದಿನವೇ ತಿದ್ದಿದ ಸಂದೇಶ ಕಳಿಸಿದೆವು. ಸಂಜೆ ಯಲಬುರ್ಗಾದ ಅಂಗಡಿಯವರ ಫೋನು ಬಂತು. "ಒಂದ ದಿನರ ನಾವು ಮುಂದ ಇದ್ವಿ. ಉಪಕಾರ ಆತ್ರಿ, ಸರ."

೪. ಗ್ಯಾರಂಟಿ ದಿನ

ಕೊನೆಗೆ ನಿಜವಾಗಿಯೂ ಗಾಳಿ ತಿರುಗಿತು. ಕರಾವಳಿಯಲ್ಲಿ ಮಳೆ ಜೋರಾಯಿತು, ಘಟ್ಟದ ಈಚೆಗೂ ಮೋಡ ಕಾಣಿಸಿತು. ಉಷ್ಣಾಂಶ ಇಳಿಯಲಿದೆ, ಬುಧವಾರ ಉತ್ತರ ಒಳನಾಡಿನ ಹಲವೆಡೆ ಮಳೆ ಸಾಧ್ಯತೆ ಎಂಬ ಮುನ್ಸೂಚನೆ ಬಂತು. ಸೋಮವಾರ ಓದಿ ಕಳಿಸಿದೆ. ಐದು ನಿಮಿಷದಲ್ಲಿ ಅಳವಂಡಿಯ ಅಕ್ಕನ ಫೋನು.

"ಸರ್ರ, ಮಳಿ ಬರೂ ದಿನ ಖರೆ ಹೇಳ್ರಿ. ಅದರ ಹಿಂದಿನ ದಿನ ಗುರ್ಜಿ ಆಡಸ್ತೀವಿ."

ಗುರ್ಜಿ ಎಂದರೆ ಮಳೆ ಕರೆಯುವ ಆಚರಣೆ. ರೊಟ್ಟಿ ಹಂಚಿನ ಮೇಲೆ ಗುರ್ಜಿ ಎಂಬ ಸಗಣಿಯ ಗೊಂಬೆ ಕೂಡಿಸಿ, ಗರಿಕೆ ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಕೊಡದಿಂದ ಅದರ ಮೇಲೆ ನೀರು ಸುರಿದು ಜೋಳದ ಹಿಟ್ಟು ಕೊಡುತ್ತಾರೆ. ಆಮೇಲೆ ಎಲ್ಲರೂ ಕೂಡಿ ಅಡುಗೆ ಮಾಡಿ ಉಣ್ಣುವುದು.

"ಗುರ್ಜಿ ಆಡಿಸಿದ್ರ ಮಳಿ ಬರಬೇಕಲ್ರಿ ಅಕ್ಕಾರ? ನೀವು ಮಳಿ ಬರೂದು ಗೊತ್ತಾದ ಮ್ಯಾಲ ಆಡಸ್ತೀರೇನು?"

"ಹೋದ ವರ್ಷ ಗೊತ್ತಿಲ್ದ ಆಡಿಸಿದ್ವಿ. ನಾನ ಹೊತ್ತಿದ್ದೆ. ಮಳಿ ಬರಲಿಲ್ಲ. ಕುಡಿಯೂ ನೀರು ಚೆಲ್ಲಿಸಿದಾಕಿ ಅಂತ ಇನ್ನೂ ಅಂತಾರ. ಈ ಸಲ ನಾ ಡೌಟಿನ್ಯಾಗ ಹೊರಾಂಗಿಲ್ಲ."

"ಬುಧವಾರ ಸಾಧ್ಯತೆ ಹೆಚ್ಚೈತ್ರಿ. ಮಧ್ಯಾಹ್ನದ ಮ್ಯಾಲ. ಖಚಿತ ಅಂತ ಹೇಳಾಕ ಬರಾಂಗಿಲ್ಲ."

"ಬುಧವಾರ ಮಧ್ಯಾಹ್ನದ ಮ್ಯಾಲ. ಹಂಗಾದ್ರ ಮಂಗಳವಾರ ಗುರ್ಜಿ."

ನನ್ನ ವಾಕ್ಯದೊಳಗಿನ "ಸಾಧ್ಯತೆ"ಯನ್ನು ಅಕ್ಕಿಯೊಳಗಿನ ಹರಳಿನಂತೆ ಆರಿಸಿ ಒಗೆದಿದ್ದರು.

ಆಮೇಲೆ ನಾನೇ ಗಂಗಾವತಿಯ ಭತ್ತದವರಿಗೆ ಫೋನು ಮಾಡಿದೆ. ಬುಧವಾರದೊಳಗೆ ಭತ್ತ ತೆಗೆಯಿರಿ ಎಂದೆ.

"ಮಳಿ ಐತೋ, ಸಾಧ್ಯತೆ ಐತೋ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಸಾಧ್ಯತೆ, ಅಣ್ಣಾರ."

"ಹಂಗಾದ್ರ ತೆಳ್ಳಗ ಹರವ್ತೀನಿ."

೫. ಕೇಳಿ ಹೇಳ್ರಿ

ಬುಧವಾರ ಮಧ್ಯಾಹ್ನ ಪಶ್ಚಿಮಕ್ಕೆ ಕಪ್ಪಾಯಿತು. ಮೊದಲು ಧೂಳು, ಆಮೇಲೆ ಮಣ್ಣಿನ ವಾಸನೆ, ಆಮೇಲೆ ಮಳೆ. ಕಚೇರಿಯವರೆಲ್ಲ ಅಂಗಳಕ್ಕೆ ಇಳಿದರು. ಸಾಹೇಬರು ಇಸ್ತ್ರಿ ಅಂಗಿಯಲ್ಲೇ ನಿಂತು ತೊಯ್ಸಿಕೊಂಡರು. ಕುಷ್ಟಗಿಯ ಕಾಕಾ ಫೋನು ಮಾಡಿ, "ಇಳೀತ್ರಿ, ತಾನಾಗೇ ಇಳೀತು, ನಾ ಏನೂ ಮಾಡಿಲ್ಲ" ಎಂದರು.

ನನಗೆ ಮಾತ್ರ ರಸ್ತೆಯ ಮೇಲಿನ ಭತ್ತ ಕಣ್ಣಿಗೆ ಕಟ್ಟಿತ್ತು. ಗಂಗಾವತಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಅಲ್ಲಿಯೂ ಜೋರು ಮಳೆ ಎಂದು ಸುದ್ದಿ ಬಂತು. "ಖಚಿತ" ಎಂದು ಒಂದು ಮಾತು ಅಂದಿದ್ದರೆ ಏನಾಗುತ್ತಿತ್ತು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅಂದುಕೊಂಡೆ.

ಬೆಳಿಗ್ಗೆ ಅವರೇ ಫೋನು ಮಾಡಿದರು. ದನಿಯಲ್ಲಿ ನಗು.

"ಭತ್ತ ಉಳೀತ್ರಿ, ಸರ. ಒಂದ ಕಾಳೂ ತೊಯ್ದಿಲ್ಲ. ಮಂಗಳವಾರ ಸಂಜೀಕ ಎಲ್ಲಾ ಚೀಲ ತುಂಬಿ ಒಳಗ ಹಾಕಿದ್ದೆ."

ಎದೆಯ ಮೇಲಿನ ಚೀಲ ಇಳಿದಂತಾಯಿತು. "ಛಲೋ ಆತು ಅಣ್ಣಾರ. ಕಡೀಕ ನನ್ನ ಮಾತು ಕೇಳಿದ್ರಲ್ಲ."

"ನಿಮ್ಮ ಮಾತು ಎಲ್ಲಿ ಕೇಳೀನ್ರಿ? ನಿಮ್ಮದು ಬರೇ ಸಾಧ್ಯತೆ. ಅಳವಂಡಿಯಾಗ ನಮ್ಮ ಅಕ್ಕ ಅದಾಳ, ಒಡಹುಟ್ಟಿದಾಕಿ. ಮಂಗಳವಾರ ಗುರ್ಜಿ ಹೊತ್ತಿದ್ಲು. ಮಧ್ಯಾಹ್ನ ಫೋನ್ ಮಾಡಿ, 'ನಾಳಿ ಮಧ್ಯಾಹ್ನದ ಮ್ಯಾಲ ಮಳಿ ಬರತೈತಿ, ಇವತ್ತ ಭತ್ತ ತಗಿ' ಅಂದ್ಲು. ವ್ಯಾಳ್ಯಾ ಸೈತ ಹೇಳಿದ್ಲು, ಸರ. ಹಂಗ ಆತು."

ಟೇಬಲ್ ಮೇಲಿದ್ದ ಸೋಮವಾರದ ಸಂದೇಶದ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದೆ.

"ಬ್ಯಾಸರಾ ಮಾಡ್ಕೋಬ್ಯಾಡ್ರಿ. ನೀವು ಓದಿದವರು, ಆದ್ರ ಒಂದು ಮಾತು ಹೇಳ್ತೀನಿ. ದಿನಾ ಮೆಸೇಜ್ ಹಾಕೂಕಿಂತ ಮದ್ಲ ನಮ್ಮ ಅಕ್ಕಗ ಒಂದ್ಸಲ ಫೋನ್ ಮಾಡಿ ಕೇಳಿ ಹೇಳ್ರಿ. ನಂಬರ್ ಕೊಡ್ಲೇನು?"

"ಐತ್ರಿ," ಎಂದೆ.

ಎದುರು ಟೇಬಲಿನಿಂದ ಸಾಹೇಬರು ಎಲ್ಲ ಕೇಳಿಸಿಕೊಂಡಿದ್ದರು. "ಖರೆ ಏನಂತ ಹೇಳಬಾರದೇನೋ?" ಎಂದರು.

"ಭತ್ತ ಒಳಗೈತಲ್ರಿ, ಸರ," ಎಂದೆ.

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅಳವಂಡಿಯ ಅಕ್ಕ. ಈ ಸಲ ಗುಟ್ಟಿನ ದನಿ.

"ಸರ್ರ, ನಮ್ಮ ತಮ್ಮ ಕೇಳಾಕತ್ತಾನ, ನಾಳಿ ಬಿಸಲು ಬೀಳತೈತೇನಂತ. ಲಗೂನ ಹೇಳ್ರಿ. ದೇವರ ಮುಂದ ಕೂತು ಕೇಳಾಕತ್ತೀನಿ, ಹತ್ತು ನಿಮಿಷ ತಡಿ ಅಂತ ಅವಗ ಹೇಳೀನಿ."