ಅಕ್ಕನನ್ನು ಕಂಡರೆ ಗಂಟೆ ಹೊಡೆಯುವ ಕ್ಯಾಮೆರಾ

ಅಭಿಪ್ರಾಯಗಳನ್ನು ಇಟ್ಟುಕೊಳ್ಳಲು ಗೋದಾಮು ಬೇಕಾಗಿಲ್ಲ, ಅವುಗಳ ಮೇಲೆ ಜಿಎಸ್‌ಟಿಯೂ ಇಲ್ಲ. ಹಾಗಾಗಿ ನನ್ನ ಹತ್ತಿರ ಅವು ಬೇಕಾದಷ್ಟಿವೆ. ಹಿಂದೂಪುರದ ಬಜಾರಿನಲ್ಲಿ ನನ್ನದೊಂದು ಸೀರೆ ಅಂಗಡಿ. ಬೆಳಗ್ಗೆ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಮೂಲೆಯ ಟೀ ಅಂಗಡಿಗೆ ಹೋದೆನೆಂದರೆ, ಮೊಬೈಲಿನ ಮೇಲೆ ಸರ್ಕಾರ ಯಾವ ಕಾನೂನು ತರಬೇಕು, ಕಂಪ್ಯೂಟರಿಗೆ ಎಷ್ಟು ಬುದ್ಧಿ ಕೊಡಬಹುದು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನೆಲ್ಲ ತೀರ್ಮಾನ ಮಾಡಿಯೇ ಹಿಂತಿರುಗುವುದು. ನನ್ನ ಭಾಷಣ ಕನ್ನಡದಲ್ಲಿ ಶುರುವಾಗಿ, ಬಿಸಿಯೇರಿದ ಮೇಲೆ ತೆಲುಗಿಗೆ ಹೊರಳಿ, ಟೀ ಮುಗಿಯುವ ಹೊತ್ತಿಗೆ ಮತ್ತೆ ಕನ್ನಡಕ್ಕೆ ಬರುತ್ತದೆ. ಕೇಳುವವರು ಎರಡೂ ಭಾಷೆಗಳಲ್ಲಿ ತಲೆದೂಗುತ್ತಾರೆ.

ಇಂಥ ದಿನಗಳಲ್ಲೇ ನಮ್ಮ ಬಜಾರಿಗೆ ಮುಖ ಗುರುತಿಸುವ ಕ್ಯಾಮೆರಾ ಬಂತು. ಸೀರೆ ನೋಡುವ ನೆಪದಲ್ಲಿ ಗುಂಪಾಗಿ ಬಂದು ಒಂದೆರಡನ್ನು ಮಡಿಲಿಗೆ ಸೇರಿಸಿಕೊಂಡು ಹೋಗುವವರ ಕಾಟ ನಮಗೆಲ್ಲ ಇದ್ದದ್ದೇ. ಕ್ಯಾಮೆರಾ ಮಾರಲು ಬಂದ ಯುವಕ ಅಂಗಡಿಯವರನ್ನೆಲ್ಲ ಕೂಡಿಸಿ ವಿವರಿಸಿದ. ಯಾವುದೇ ಅಂಗಡಿಯವರು ಅನುಮಾನ ಬಂದ ಮುಖವನ್ನು ಯಂತ್ರಕ್ಕೆ ಸೇರಿಸಿದರೆ ಸಾಕು, ಆ ಮುಖ ಬಜಾರಿನ ಬೇರೆ ಯಾವ ಅಂಗಡಿಯ ಹೊಸಿಲು ದಾಟಿದರೂ ಗಂಟೆ ಹೊಡೆಯುತ್ತದಂತೆ, ಮಾಲೀಕನ ಮೊಬೈಲಿಗೆ ಸುದ್ದಿಯೂ ಅದರ ಹಿಂದೆಯೇ ಫೋಟೋವೂ ಹೋಗುತ್ತದಂತೆ. ಹಿರಿಯರೊಬ್ಬರು ಎದ್ದು, ಕೇಳದೆ ಮಾಡದೆ ಹೆಣ್ಣುಮಕ್ಕಳ ಮುಖ ಹಿಡಿದಿಟ್ಟುಕೊಳ್ಳುವುದು ಸರಿಯೇ ಎಂದು ಅನುಮಾನಿಸಿದರು. ನಾನು ಸುಮ್ಮನಿರಲಾಗದೆ ಎದ್ದು ನಿಂತು, ತಪ್ಪು ಮಾಡದವರಿಗೆ ಭಯವೇಕೆ, ಸ್ವಾತಂತ್ರ್ಯ ಸ್ವಾತಂತ್ರ್ಯ ಎನ್ನುತ್ತ ಕೂತರೆ ವ್ಯಾಪಾರ ಮಾಡುವುದು ಯಾವಾಗ ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಬಿಸಿಯಲ್ಲೇ ಎಲ್ಲರಿಗಿಂತ ಮೊದಲು ನನ್ನ ಅಂಗಡಿಗೆ ಹಾಕಿಸಿಬಿಟ್ಟೆ.

ಕಲ್ಯಾಣದುರ್ಗದಲ್ಲಿರುವ ನನ್ನ ಭಾವನಿಗೂ ಫೋನು ಮಾಡಿ, ನೀವೂ ಹಾಕಿಸಿ ಎಂದು ಉಪದೇಶಿಸಿದೆ. ಭಾವನದು ಸ್ಟೀಲ್ ಪಾತ್ರೆ ಅಂಗಡಿ. ಅಷ್ಟು ಎಚ್ಚರದ ವ್ಯಾಪಾರಿಯನ್ನು ನಾನು ಕಂಡಿಲ್ಲ. ಕರೆಂಟಿನ ತಕ್ಕಡಿ ತಂದಾಗಲೂ ಪಕ್ಕದಲ್ಲಿ ಹಳೆಯ ತಕ್ಕಡಿ ಇಟ್ಟುಕೊಂಡು, ಎರಡೂ ಒಂದೇ ಮಾತು ಹೇಳುತ್ತವೆಯೇ ಎಂದು ಬಹಳ ಕಾಲ ಪರೀಕ್ಷಿಸಿದವರು. ಅವರು ನಿಧಾನವಾಗಿ ಹೇಳಿದರು: "ಆ ಹುಡುಗ ಇಲ್ಲಿಗೂ ಬಂದಿದ್ದ ಕಣಪ್ಪ. ಯಂತ್ರ ತಪ್ಪು ಮಾಡುದ್ರೆ ಕ್ಷಮೆ ಕೇಳೋರು ಯಾರು ಅಂತ ಕೇಳ್ದೆ. ಕೇಳ್ಕಂಡು ಬತ್ತೀನಿ ಅಂತ ಹೋದ. ಇನ್ನೂ ಬಂದಿಲ್ಲ." ನಾನು ನಕ್ಕೆ. ಇಂಥವರಿಂದಲೇ ದೇಶ ಹಿಂದೆ ಬಿದ್ದಿರುವುದು ಎಂಬ ಅಭಿಪ್ರಾಯವನ್ನು ಅವರಿಗೆ ಹೇಳಲಿಲ್ಲ. ಟೀ ಅಂಗಡಿಗೆ ಕಾದಿರಿಸಿದೆ.

ಅದನ್ನು ಅಲ್ಲಿ ಹೇಳುತ್ತಿರುವಾಗಲೇ ಒಂದು ದಿನ ಜೇಬಿನಲ್ಲಿದ್ದ ಮೊಬೈಲು ಬಡಕೊಂಡಿತು. ಮೊದಲ ಬೇಟೆ. ಫೋಟೋ ಬರುವ ತನಕ ಕಾಯುವ ತಾಳ್ಮೆ ನನಗೆಲ್ಲಿ? ಬನ್ನಿ, ಕಳ್ಳಿ ಸಿಕ್ಕಿಬಿದ್ದಿದ್ದಾಳೆ, ಕಣ್ಣಾರೆ ನೋಡಿ ಎಂದು ಟೀ ಅಂಗಡಿಯಲ್ಲಿದ್ದವರನ್ನೆಲ್ಲ ಮೆರವಣಿಗೆಯಂತೆ ಕರೆದುಕೊಂಡು ಹೊರಟೆ. ಕೆಲವರು ಲೋಟ ಹಿಡಿದುಕೊಂಡೇ ಬಂದರು. ಅಂಗಡಿಯೊಳಗೆ ಗಿರಾಕಿಗಳು ಗೋಡೆಗೆ ಒತ್ತಿ ನಿಂತಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಲಕ್ಷ್ಮೀದೇವಿ ಒಬ್ಬ ಹೆಂಗಸಿನ ಚೀಲ ಹಿಡಿದುಕೊಂಡು ತೆಲುಗು ಕನ್ನಡ ಬೆರೆಸಿ, ಕೊಂಚೆಂ ಆಗಂಡಮ್ಮಾ, ಸ್ವಲ್ಪ ನಿಲ್ಲಿ, ಯಜಮಾನ್ರು ಬರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಆ ಹೆಂಗಸು ನಮ್ಮ ಸಾವಿತ್ರಕ್ಕ. ಭಾವನ ಹೆಂಡತಿ, ನನ್ನ ಒಡಹುಟ್ಟಿದವಳು. ಮಗಳ ಮದುವೆಗೆ ಸೀರೆ ಆರಿಸಲೆಂದು ಬೆಳಗಿನ ಬಸ್ಸಿಗೆ ಕಲ್ಯಾಣದುರ್ಗದಿಂದ ಬಂದಿದ್ದಳು.

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನನ್ನೂ ನನ್ನ ಹಿಂದಿನ ಮೆರವಣಿಗೆಯನ್ನೂ ಒಮ್ಮೆ ನೋಡಿ ಜಮಖಾನದ ಮೇಲೆ ಕೂತುಕೊಂಡಳು. "ನಾನು ಕಳ್ಳಿ ಅಲ್ಲ ಅಂತ ಆ ಡಬ್ಬದ ಕೈಲೇ ಹೇಳ್ಸು. ಅಲ್ಲೀಗಂಟ ಇಲ್ಲಿಂದ ಹೋಗಾಕಿಲ್ಲ," ಎಂದಳು. ಮದುವೆಯಲ್ಲಿ ನಾನು ಸೋದರಮಾವ, ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು. ಅಕ್ಕ ಹೀಗೇ ಮುನಿದು ಊರಿಗೆ ಹೋದರೆ ನಾನು ಯಾವ ಮುಖ ಹೊತ್ತುಕೊಂಡು ಕಲ್ಯಾಣದುರ್ಗಕ್ಕೆ ಹೋಗಲಿ? ಕ್ಯಾಮೆರಾ ಯುವಕನಿಗೆ ಫೋನು ಮಾಡಿದೆ. ನಮ್ಮ ಯಂತ್ರ ಯಾರನ್ನೂ ಕಳ್ಳರು ಅನ್ನುವುದಿಲ್ಲ ಸಾರ್, ಹೋಲಿಕೆ ಇದೆ ಅನ್ನುತ್ತದೆ ಅಷ್ಟೇ ಎಂದ. ಹಾಗಾದರೆ ಆ ಮುಖ ಅಳಿಸು ಎಂದರೆ, ಅದನ್ನು ಸೇರಿಸಿದ ಅಂಗಡಿಯವರೇ ಅಳಿಸಬೇಕು ಎಂದ. ಈ ನಡುವೆ ನನ್ನ ಹೆಂಡತಿ ಗಿರಿಜ ಮನೆಯಿಂದ ಊಟ ತಂದಳು. ಅಕ್ಕ ಕೈತೊಳೆಯಲು ಹೊರಗೆ ಹೋಗಿ ಒಳಗೆ ಬಂದಳು, ಗಂಟೆ ಹೊಡೆಯಿತು. ಉಂಡು ಮತ್ತೆ ಕೈತೊಳೆದು ಬಂದಳು, ಮತ್ತೆ ಹೊಡೆಯಿತು. ದೇವಸ್ಥಾನದಲ್ಲೂ ಅಕ್ಕನಿಗೆ ಅಷ್ಟು ಮರ್ಯಾದೆ ಸಿಕ್ಕಿರಲಾರದು ಎಂದು ನಗಿಸಲು ನೋಡಿದೆ. ಗಿರಿಜ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಆ ಯುವಕ ಹೇಳಿದ ಪ್ರಕಾರ ಮುಖ ಸೇರಿಸಿದವರು ಬಜಾರಿನ ಆ ತುದಿಯ ನಾಗಭೂಷಣ. ಅವರದೂ ಸೀರೆ ಅಂಗಡಿಯೇ, ನನಗಿಂತ ದೊಡ್ಡದು. ಹೇಳಿಕಳಿಸಿದ ತಕ್ಷಣ ಅವರೇ ನಡೆದು ಬಂದು, ಅಕ್ಕನನ್ನು ನೋಡಿ ಬೆವರು ಒರೆಸಿಕೊಂಡರು. ಹೋಲಿಕೆ ಗೀಲಿಕೆ ಏನೂ ಇರಲಿಲ್ಲ. ಆ ಮುಖ ಅಕ್ಕನದೇ. ಹೋದ ತಿಂಗಳು ಈ ತಾಯಿ ಬಂದು ಬೀರುವಿನ ಸೀರೆಗಳನ್ನೆಲ್ಲ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಎದ್ದು ಹೋದರಂತೆ. ಕದ್ದದ್ದು ಏನೂ ಇಲ್ಲ, ಆದರೂ ವ್ಯಾಪಾರದಲ್ಲಿ ಎಚ್ಚರಿಕೆ ಒಳ್ಳೆಯದಲ್ಲವೇ ಎಂದು ಸೇರಿಸಿದೆ ಎಂದರು. ಅಂದರೆ ಯಂತ್ರ ತಪ್ಪನ್ನೇ ಮಾಡಿರಲಿಲ್ಲ. ಮನುಷ್ಯರು ಹೇಳಿಕೊಟ್ಟದ್ದನ್ನು ಶ್ರದ್ಧೆಯಿಂದ ಮಾಡಿತ್ತು. ನನಗೆ ಮಾತ್ರ ಬೇರೆ ಕಡೆ ಚುಚ್ಚಿತು. ಸ್ವಂತ ತಮ್ಮನ ಅಂಗಡಿ ಬಿಟ್ಟು ಅಲ್ಲಿಗೇಕೆ ಹೋಗಿದ್ದೆ ಅಕ್ಕ ಎಂದು ಎಲ್ಲರ ಎದುರಿಗೇ ಕೇಳಿಬಿಟ್ಟೆ.

ಅಕ್ಕ ಅದೇ ತಣ್ಣನೆಯ ದನಿಯಲ್ಲಿ ಹೇಳಿದಳು: "ನಿನ್ನ ಅಂಗಡೀಲಿ ಇದು ಬ್ಯಾಡ ಅಂದ್ರೆ ನಿನ್ನ ಮುಖ ಸಣ್ಣಗಾಯ್ತದೆ ಕಣ್ಲಾ. ಅಲ್ಲಾದ್ರೆ ಬ್ಯಾಡ ಅಂತ ಎದ್ದು ಬರಬಹುದು. ನಾನು ಯಾವ ಅಂಗಡಿ ಮೆಟ್ಲು ಹತ್ತಿದೆ ಅಂತ ನಿಂಗೆ ಚಾಡಿ ಹೇಳಾಕೆ ಇದ್ಯಾರು?"

ಟೀ ಅಂಗಡಿಯಲ್ಲಿ ಇಷ್ಟು ವರ್ಷ ನಾನು ಆಡಿದ ಮಾತುಗಳಲ್ಲಿ ಇಷ್ಟು ತೂಕದ್ದು ಒಂದೂ ಇರಲಿಲ್ಲ. ನಾಗಭೂಷಣ ಕೈಮುಗಿದು ತಪ್ಪಾಯ್ತಮ್ಮ ಎಂದು, ಅಲ್ಲೇ ನಿಂತು ಮೊಬೈಲಿನಿಂದ ಅವಳ ಮುಖ ಅಳಿಸಿದರು. ನಾನು ಸ್ಟೂಲು ಹತ್ತಿ ಕ್ಯಾಮೆರಾದ ವೈರು ಕಿತ್ತೆ. ಆಮೇಲೆ ಅಕ್ಕ ಎದ್ದು, ನಮ್ಮ ಅಂಗಡಿಯಲ್ಲೇ ಸೀರೆ ಆರಿಸಿದಳು. ಬ್ಯಾಡ, ಇದೂ ಬ್ಯಾಡ ಎಂದು ಮನಸಾರೆ ಹೇಳುತ್ತ, ಪ್ರತಿ ಸಲವೂ ನನ್ನ ಮುಖ ಸಣ್ಣಗಾಯಿತೇ ಎಂದು ಕಣ್ಣಂಚಿನಲ್ಲಿ ನೋಡುತ್ತಿದ್ದಳು. ಮುಖವನ್ನು ಅಗಲವಾಗಿಯೇ ಇಟ್ಟುಕೊಂಡಿರಲು ನಾನು ಪಟ್ಟ ಕಷ್ಟ ನನಗೇ ಗೊತ್ತು. ಸಂಜೆ ಬಸ್ಸು ಹತ್ತುವಾಗ, ಮದುವೆಗೆ ಎರಡು ದಿನ ಮುಂಚೆಯೇ ಬಂದುಬಿಡು ಎಂದಳು. ಹೋದ ಜೀವ ಬಂದಂತಾಯಿತು.

ಮರುದಿನದಿಂದ ಟೀ ಅಂಗಡಿಯಲ್ಲಿ ನನ್ನದು ಹೊಸ ಅಭಿಪ್ರಾಯ. ಮನುಷ್ಯನ ಮುಖ ಅವನ ಸ್ವಂತ ಆಸ್ತಿ, ಅವನು ಎಲ್ಲಿಗೆ ಹೋದ, ಏನು ಕೊಂಡ ಎಂದು ಕೇಳುವ ಹಕ್ಕು ಸರ್ಕಾರಕ್ಕೂ ಇಲ್ಲ, ವ್ಯಾಪಾರಿಗೂ ಇಲ್ಲ, ಒಡಹುಟ್ಟಿದವರಿಗೂ ಇಲ್ಲ ಎಂದು ಮೊದಲಿಗಿಂತ ಜೋರಾಗಿ ಸಾರಿದೆ. ಬಜಾರಿನ ಸಭೆಯಲ್ಲೂ ಇದನ್ನೇ ಹೇಳಿದೆ. ಮುಖ ಸೇರಿಸುವ ಪದ್ಧತಿ ನಿಂತುಹೋಯಿತು. ಮತ್ತೆ ಚಪ್ಪಾಳೆ ಬಿತ್ತು. ಮೊದಲ ಸಲ ತಟ್ಟಿದವರೇ ತಟ್ಟಿದರು.

ಮದುವೆ ಚೆನ್ನಾಗಿ ನಡೆಯಿತು. ಕಲ್ಯಾಣದುರ್ಗದ ಛತ್ರದಲ್ಲಿ ನಾನು ಸೋದರಮಾವನ ಗತ್ತಿನಲ್ಲಿ ಓಡಾಡುತ್ತಿದ್ದಾಗ ಗಿರಿಜ ಎದುರಿಗೆ ಬಂದಳು. ಎಲೆಹಸಿರು ರೇಷ್ಮೆ ಸೀರೆ, ಕುಂಕುಮದ ಬಣ್ಣದ ಅಂಚು. ಅದ್ಭುತವಾಗಿತ್ತು. ನನ್ನ ಅಂಗಡಿಯ ಒಂದೊಂದು ಅಂಚೂ ನನಗೆ ಬಾಯಿಪಾಠ. ಅದು ನನ್ನ ಅಂಗಡಿಯದಲ್ಲ. ಎಲ್ಲಿ ಕೊಂಡೆ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದು ನಿಂತಿತು. ಪಕ್ಕದಲ್ಲಿ ಮದುವೆಗೆ ಬಂದಿದ್ದ ಟೀ ಅಂಗಡಿಯ ಗೆಳೆಯರೂ ನಿಂತಿದ್ದರು. ಸೀರೆ ಹೇಗಿದೆ ಎಂದು ಗಿರಿಜಳೇ ಕೇಳಿದಳು. ಚೆನ್ನಾಗಿದೆ ಎಂದೆ. ಇನ್ನೇನಾದರೂ ಕೇಳಬೇಕಾ ಎಂದಳು. ಏನೂ ಇಲ್ಲ ಎಂದೆ.