ಮಾಮಾನ ಕಣ್ಣು, ಟಂಟಂನ ಸರ್ವಿಸಿಂಗ್

ಬೀದರಿನ ಒಂದು ಕಣ್ಣಿನ ದವಾಖಾನೆಯಲ್ಲಿ ಕಣ್ಣಿನ ನಂಬರ್ ತೆಗೆಯುವುದು ನನ್ನ ಕೆಲಸ. ಸಕ್ಕರೆ ಕಾಯಿಲೆ ಇದ್ದವರಿಗೆ ವರ್ಷಕ್ಕೊಮ್ಮೆಯಾದರೂ ಬನ್ನಿ ಎಂದು ಹೇಳುವುದೂ ನನ್ನ ಕೆಲಸವೇ. ಬರದಿರಲು ಕಾರಣ ಹುಡುಕುವುದು ನಮ್ಮ ಜಿಲ್ಲೆಯ ಕೆಲಸ. ಎರಡೂ ತಪ್ಪದೆ ನಡೆಯುತ್ತಿವೆ. ಬೇರೆಯವರ ಮಾತು ಬಿಡಿ, ನನ್ನ ಸೋದರಮಾವನದೇ ಸಾಕು.

ಭಾಲ್ಕಿ: ಮೊಳೆಗೆ ನೇತ ಚಸ್ಮಾ

ಮಾಮಾ ಭಾಲ್ಕಿಯಿಂದ ಭಾತಂಬ್ರಾಕ್ಕೆ ಟಂಟಂ, ಅಂದರೆ ಶೇರ್ ಆಟೊ, ಓಡಿಸುತ್ತಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅದು ನೋವಿಲ್ಲದೆ, ಸದ್ದಿಲ್ಲದೆ ಕಣ್ಣಿನ ಒಳಪರದೆಯನ್ನು ತಿನ್ನುತ್ತದೆ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಇದನ್ನೆಲ್ಲ ಅವರ ಮನೆಯಲ್ಲೇ ಕೂತು ಬಿಡಿಸಿ ಹೇಳಿದೆ.

"ಡಾಕ್ಟರ್ ಯಾಕಪಾ? ಮನ್ಯಾಗ ಚಸ್ಮಾ ಅದ" ಎಂದರು. ಕನ್ನಡಿಯ ಪಕ್ಕ ಮೊಳೆಗೆ ಒಂದು ಚಸ್ಮಾ ನೇತಾಡುತ್ತಿತ್ತು. ಮಾಮಿ ಅದನ್ನೇ ಹಾಕಿಕೊಂಡು ಅಕ್ಕಿ ಆರಿಸಿದರು, ಮಾಮಾನ ತಾಯಿ, ನಮ್ಮ ಆಯಿ, ಅದನ್ನೇ ಇಸಿದುಕೊಂಡು ಸೂಜಿಗೆ ದಾರ ಪೋಣಿಸಿದಳು.

"ಇದು ಯಾರ ನಂಬರಿಂದ್ರಿ?"

"ಎಲ್ಲಾರದು."

ಬೀದರ: ಕಂಪನಿ ಮಾಲು

ಟಂಟಂ ಸರ್ವಿಸಿಂಗಿಗೆ ಮಾತ್ರ ಮಾಮಾ ತಪ್ಪದೆ ಬೀದರಿನ ನೌಬಾದಕ್ಕೆ ಬರುತ್ತಾರೆ. ಒಮ್ಮೆ ಗ್ಯಾರೇಜಿಗೇ ಹೋಗಿ ಹಿಡಿದೆ.

"ಗಾಡಿ ಚಲೋ ನಡೀತದಲ್ರಿ, ಸರ್ವಿಸಿಂಗ್ ಯಾಕ್ರಿ?"

"ಕೆಟ್ಟ ಮ್ಯಾಲ ತಂದ್ರ ಏನ್ ಉಪಯೋಗ? ಬಿ.ಎಸ್ಸಿ. ಓದೀದಿ, ಇಷ್ಟೂ ತಿಳ್ಯಂಗಿಲ್ಲೇನು?"

"ಹಂಗಾರ ಕಣ್ಣು?"

"ಕಣ್ಣಿಗೇನಾಗ್ಯದ? ಕೆಡ್ಲಿ, ಬರ್ತೇನಿ."

ಅಷ್ಟರಲ್ಲಿ ಮೇಸ್ತ್ರಿ ಹೊಸ ಹೆಡ್‌ಲೈಟ್ ಕೂಡಿಸಿದ. ಸಂಜೆಗೆ ರಸ್ತೆ ಮಬ್ಬಾಗಿ ಕಾಣುತ್ತಿದೆಯೆಂದು ಮಾಮಾ ಆ ವರ್ಷ ಲೈಟು ಬದಲಿಸುತ್ತಿದ್ದುದು ಅದು ಎರಡನೆಯ ಸಲವಂತೆ. ಉರಿಸಿ ನೋಡಿ, ತಲೆ ಅಲ್ಲಾಡಿಸಿದರು. "ಇದೂ ಮಬ್ಬೇ ಅದ. ಈಗಿನ ಕಂಪನಿ ಮಾಲೇ ಸುಮಾರು."

ಇದೇ ಟಂಟಮ್ಮನ್ನು ದಿನಾ ಜನ ಹತ್ತುತ್ತಾರೆ. ನಂಬಿಕೆ ದೊಡ್ಡದು.

ಔರಾದ: ಕೆಮ್ಮು

ಔರಾದಿನ ಶಾಲೆಯೊಂದರಲ್ಲಿ ಡ್ರೈವರುಗಳಿಗೆ ಕಣ್ಣಿನ ಶಿಬಿರ ಇಟ್ಟಿದ್ದೆವು. ಬರದಿದ್ದರೂ, ನಪಾಸಾದರೂ ಲೈಸೆನ್ಸ್ ಹೋಗುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಹಾಗಾಗಿ ಎಲ್ಲರೂ ತಯಾರಾಗಿ ಬಂದಿದ್ದರು, ಭಾಲ್ಕಿಯಿಂದ ಜೊತೆಗಾರರ ಸಂಗಡ ಮಾಮಾ ಕೂಡ.

ಮೊದಲನೆಯವನು ಗೋಡೆಯ ಪಟದ ಅಕ್ಷರಗಳನ್ನು ಓದಿದ. ಮೂರನೇ ಸಾಲು ಮುಗಿದಾಗ ಕೆಮ್ಮು ಬಂತು, ಕೆಮ್ಮಿದ, ಮುಂದೆ ಓದಿದ. ಎರಡನೆಯವನೂ ಮೂರನೇ ಸಾಲಿಗೆ ಕೆಮ್ಮಿದ. ಅವನ ಹಿಂದಿನವನೂ ಅಲ್ಲೇ ಕೆಮ್ಮಿದ. ಧೂಳಿರಬೇಕು ಎಂದುಕೊಂಡೆ. ಆಮೇಲೆ ಕಿಟಕಿಯತ್ತ ನೋಡಿದರೆ, ಸರತಿಯಲ್ಲಿದ್ದವರೆಲ್ಲ ಕಿವಿಗೊಟ್ಟು, ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುತ್ತಿದ್ದರು.

ಮಾಮಾನ ಸರತಿ ಬರುವಷ್ಟರಲ್ಲಿ ಪಟ ತೆಗೆದು, ಅದೇ ಮೊಳೆಗೆ ಶಾಲೆಯ ಟೈಮ್ ಟೇಬಲ್ ಹಾಕಿದೆ. ಮಾಮಾ ಒಂದು ಕಣ್ಣು ಮುಚ್ಚಿಕೊಂಡು ತೆಗೆದ ಪಟವನ್ನೇ ಕೊನೆಯ ಸಾಲಿನವರೆಗೆ ಅಕ್ಷರ ತಪ್ಪದೆ ಒಪ್ಪಿಸಿದರು. ನಡುವೆ ಕೆಮ್ಮಿದರು ಕೂಡ.

"ಮಾಮಾ, ಅದು ಸಾಲಿ ಟೈಮ್ ಟೇಬಲ್ ಅದ ರೀ."

ಮಾಮಾ ಬಾಗಿಲತ್ತ ತಿರುಗಿ ಹಿಂದಿನವನಿಗೆ ಕೂಗಿದರು: "ಲೇ, ಪೇಪರ್ ಬದಲಿ ಮಾಡ್ಯಾರ!"

ಡಾಕ್ಟರ್ ಮೇಡಂ ಹನಿ ಹಾಕಿ ಒಳಗೆ ನೋಡಿದರು. ಬಲಗಣ್ಣಿನ ಪರದೆಯಲ್ಲಿ ರಕ್ತ ಒಸರುತ್ತಿತ್ತು. "ಇನ್ನಷ್ಟು ದಿನ ಬಿಟ್ಟಿದ್ರ ಈ ಕಣ್ಣು ಹೋಗ್ತಿತ್ತು. ಟಂಟಮ್ಮಿಗೆ ಈಗ ಕೈ ಹಚ್ಚಬ್ಯಾಡ್ರಿ" ಎಂದರು. ಮಾಮಾ ಕಿಸೆಯಿಂದ ಟಂಟಮ್ಮಿನ ಕೀಲಿಕೈ ತೆಗೆದು ನನ್ನ ಕೈಗಿಟ್ಟರು.

ಬೀದರಿನಲ್ಲಿ ಲೇಸರ್ ಆಯಿತು. ಕಣ್ಣು ಉಳಿಯಿತು. ಇನ್ನು ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕೆಂದು ಮೇಡಂ ಹೇಳಿದರು. ಮಾಮಾ ಬಹಳ ವಿನಯದಿಂದ ಒಪ್ಪಿದರು. ಬುದ್ಧಿ ಬಂತು ಎಂದುಕೊಂಡೆ.

ಹೊರಗೆ ಬಂದವರೇ ನನ್ನ ಭುಜ ಹಿಡಿದು ಮೂಲೆಗೆ ಎಳೆದರು.

"ಅಳಿಯಾ, ಮುಂದಿನ ಸಲ ಗೋಡಿಗಿ ಏನ್ ಹಚ್ತೀರಿ? ಈಗೇ ಹೇಳು, ಬಾಯಿಪಾಠ ಮಾಡ್ಕೊಂಡು ಬರ್ತೇನಿ."