ನಯನಾಳ ಹೆಜ್ಜೆ ಎಣಿಸಿದ ಅಪ್ಪ

ಮಗಳ ಆರೋಗ್ಯದ ಸಂಪೂರ್ಣ ಹೊಣೆಯನ್ನು ಇನ್ನು ಮುಂದೆ ತಾನೇ ಹೊರುವುದಾಗಿ ಜಕ್ಕೂರಿನ ಅಶ್ವತ್ಥ ಒಂದು ಭಾನುವಾರ ಘೋಷಿಸಿಬಿಟ್ಟ! ಹದಿಮೂರರ ಹುಡುಗಿ ದಿನಕ್ಕೊಂದು ಗಂಟೆ ಮೈ ದಣಿಸಲೇಬೇಕು ಎಂದು ಅವನು ಮೊಬೈಲಿನಲ್ಲಿ ಓದಿದ್ದ.

"ವಾರಕ್ಕೆ ಮೂರು ದಿನ ಡ್ಯಾನ್ಸ್ ಕ್ಲಾಸಿಗೆ ಹೋಗ್ತಾಳಲ್ರೀ" ಎಂದಳು ಹೆಂಡತಿ ಇಂದುಮತಿ.

"ಹೋಗ್ತಾಳೆ ಸರಿ. ಅಲ್ಲಿ ಕುಣೀತಾಳಾ, ನಿಂತ್ಕೊಂಡು ಹರಟೆ ಹೊಡೀತಾಳಾ? ಲೆಕ್ಕ ಬೇಡ್ವೇನೇ?"

ಅಶ್ವತ್ಥನದು ಸಿಮೆಂಟು, ಮರಳಿನ ವ್ಯಾಪಾರ. ಟೇಪು ಹಿಡಿದು ಅಳೆಯದೆ ಒಂದು ಲೋಡ್ ಮರಳನ್ನೂ ಇಳಿಸಿಕೊಂಡವನಲ್ಲ. ಮರುದಿನವೇ ಹೆಜ್ಜೆ ಎಣಿಸುವ ವಾಚು ಮನೆಗೆ ಬಂತು. ನಯನಾಗೆ ಭರತನಾಟ್ಯವೆಂದರೆ ಜೀವ. ತಾನು ಎಷ್ಟು ಕುಣಿಯುತ್ತೇನೆಂದು ಅಪ್ಪನಿಗೂ ಗೊತ್ತಾಗಲಿ ಎಂದು ಹಿಗ್ಗಿನಿಂದಲೇ ಕಟ್ಟಿಕೊಂಡು ಹೋದಳು.

ಒಂದು ಗಂಟೆಯ ಕ್ಲಾಸು ಮುಗಿಸಿ ಬಂದಾಗ ವಾಚಿನಲ್ಲಿದ್ದದ್ದು ಮುನ್ನೂರ ಹನ್ನೆರಡು ಹೆಜ್ಜೆ!

"ಮುನ್ನೂರಾ! ನಮ್ಮಮ್ಮ ಬಚ್ಚಲಿಗೂ ಅಡುಗೆಮನೆಗೂ ಓಡಾಡಿದ್ರೇ ಇದಕ್ಕಿಂತ ಜಾಸ್ತಿ ಆಗತ್ತೆ!"

"ಇಲ್ಲಪ್ಪ, ಪೂರ್ತಿ ಕ್ಲಾಸು ಕುಣಿದಿದೀನಿ. ಕಾಲು ನೋಡು, ಹೆಂಗೆ ಕೆಂಪಗಾಗಿದೆ."

ಅಶ್ವತ್ಥ ಕಾಲು ನೋಡಲಿಲ್ಲ, ವಾಚನ್ನೇ ನೋಡಿದ. ಅಲ್ಲಿಗೇ ಸುಮ್ಮನಾಗಿದ್ದರೂ ಆಮೇಲೆ ಕೈ ಕೈ ಹಿಸುಕಿಕೊಳ್ಳುವುದು ತಪ್ಪುತ್ತಿತ್ತು. ಸುಮ್ಮನಾಗುವ ಆಸಾಮಿಯೇ ಅವನು? ವಾಚಿನ ಫೋಟೋ ತೆಗೆದು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಎಸೆದ: "ಗಂಟೆಗೆ ಬರೀ 312 ಹೆಜ್ಜೆ! ಪೋಷಕರೇ, ಎಚ್ಚೆತ್ತುಕೊಳ್ಳಿ!"

ಪೋಷಕರು ಭಾರಿಯಾಗಿಯೇ ಎಚ್ಚೆತ್ತರು. ಒಬ್ಬರು ಮಗಳನ್ನು ಈಜಿಗೆ ಸೇರಿಸಿದರು, ಇನ್ನೊಬ್ಬರು ಕರಾಟೆಗೆ. ನಯನಾಳ ಜೊತೆ ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ಇಬ್ಬರು ಗೆಳತಿಯರು ಎರಡೇ ದಿನದಲ್ಲಿ ನಾಪತ್ತೆ! ಸಾಲದ್ದಕ್ಕೆ ಅಶ್ವತ್ಥ, ಯಾರಿಗೂ ಹೇಳದೆ, ಮುಂದಿನ ಕ್ಲಾಸಿಗೆ ತಪಾಸಣೆಗೆ ನುಗ್ಗಿದ.

ಶಿಲ್ಪ ಟೀಚರ್ ಸಿಟ್ಟಾಗಲಿಲ್ಲ.

"ಬನ್ನಿ ಸರ್, ಆ ವಾಚು ನೀವೇ ಕಟ್ಕೊಳ್ಳಿ. ಪ್ರೋಗ್ರಾಂ ಹತ್ರ ಬಂತು, ಹಾಗಾಗಿ ಈ ವಾರ ಪೂರ್ತಿ ತಟ್ಟಡವು ತಿದ್ತಾ ಇದೀವಿ. ಎರಡೂ ಕೈ ಸೊಂಟದ ಮೇಲಿಡಿ. ಮಂಡಿ ಅಗಲಿಸಿ ಅರ್ಧ ಕೂತ್ಕೊಳ್ಳಿ. ಹಾಗೇ ಕಾಲು ತಟ್ಟಿ. ಮೇಲೇಳ್ಬಾರ್ದು!"

ಟೀಚರ್ ಕೋಲು ತಟ್ಟಿದರು. ಒಂದನೇ ಕಾಲದ ನಿಧಾನ ಲಯಕ್ಕೇ ಅಶ್ವತ್ಥನ ಮಂಡಿ ಲಟಕ್ಕೆಂದಿತು. ಅದರ ಇಮ್ಮಡಿ ವೇಗದ ಎರಡನೇ ಕಾಲಕ್ಕೆ ಅಂಗಿ ಬೆವರಲ್ಲಿ ತೊಯ್ದಿತು. ಮೂರನೇ ಕಾಲಕ್ಕೆ ಜಕ್ಕೂರಿನ ಗಣ್ಯ ವರ್ತಕರು ನೆಲದ ಮೇಲೆ ದೊಪ್ಪನೆ ವಿರಾಜಮಾನರಾದರು!

ಟೀಚರ್ ಬಗ್ಗಿ ವಾಚು ನೋಡಿದರು. "ನಾಲ್ಕು ಹೆಜ್ಜೆ ಸರ್. ಕೈ ಸೊಂಟದ ಮೇಲೆ ಅಲ್ಲಾಡದೆ ಕೂತಿದ್ರೆ, ಕಾಲಿನ ಕಷ್ಟ ವಾಚಿಗೆ ಹೆಂಗ್ ಗೊತ್ತಾಗ್ಬೇಕು?"

ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ನಯನಾ ಒಬ್ಬಳು ನಗಲಿಲ್ಲ, ತಲೆ ತಗ್ಗಿಸಿ ನಿಂತಿದ್ದಳು. ಅದನ್ನು ನೋಡಿದಾಗ ಅಶ್ವತ್ಥನಿಗೆ ಮಂಡಿಯ ನೋವು ಮರೆತೇಹೋಯಿತು. ಆ ಕೆಂಪು ಕಾಲನ್ನು ಒಮ್ಮೆ ನೋಡಿದ್ದರೆ ಸಾಕಿತ್ತಲ್ಲ ಎಂದುಕೊಂಡು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡ.

ವಾಟ್ಸಾಪ್ ಗುಂಪಿನಲ್ಲಿ ಕ್ಷಮೆ ಕೇಳಿದ. ಬಿಟ್ಟುಹೋದ ಹುಡುಗಿಯರ ಮನೆಗೂ ಹೋಗಿ ಬೇಡಿಕೊಂಡ. ಅವರು ಕಾಫಿ ಕೊಟ್ಟರು, ಮಕ್ಕಳನ್ನು ವಾಪಸು ಕಳಿಸಲಿಲ್ಲ. ನಯನಾ ಕ್ಲಾಸಿಗೆ ಹೋಗುತ್ತಿದ್ದಳು, ಆದರೆ ಅಪ್ಪನ ಸ್ಕೂಟರು ಹತ್ತುತ್ತಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ.

ಯಲಹಂಕದಲ್ಲಿ ಕಾರ್ಯಕ್ರಮ. ಒಬ್ಬೊಬ್ಬರಿಗೆ ಎರಡೇ ಪಾಸು. ಒಂದು ಅಮ್ಮನಿಗೆ, ಇನ್ನೊಂದು ಅಜ್ಜಿಗೆ ಕೊಟ್ಟಳು ನಯನಾ.

ಹಳೆಯ ಅಶ್ವತ್ಥನಾಗಿದ್ದರೆ ಹಾಲ್‌ನವರ ಹತ್ತಿರ ಜಗಳವಾಡಿಯಾದರೂ ಒಳಗೆ ಹೋಗುತ್ತಿದ್ದ. ಈಗ ಬುದ್ಧಿ ಬಂದಿತ್ತಲ್ಲ! ಮನೆಯವರನ್ನೆಲ್ಲ ಕಾರಿನಲ್ಲಿ ಕರೆತಂದು ಒಳಗೆ ಕಳಿಸಿ, ತಾನು ಶಿಸ್ತಾಗಿ ಎರಡು ಗಂಟೆ ಅದರಲ್ಲೇ ಕೂತ. ಒಳಗಿನಿಂದ ಗೆಜ್ಜೆಯ ಸದ್ದು ಕೇಳುತ್ತಿತ್ತು. ಅದರಲ್ಲಿ ಮಗಳದು ಯಾವುದೋ ತಿಳಿಯಲಿಲ್ಲ.

ಮುಗಿದ ಮೇಲೆ ನಯನಾ ಬಣ್ಣದ ಮುಖದಲ್ಲೇ ಹೊರಗೆ ಬಂದಳು.

"ಯಾಕಪ್ಪ ಒಳಗೆ ಬರ್ಲಿಲ್ಲ?"

"ಪಾಸ್ ಇರ್ಲಿಲ್ವಲ್ಲ ಪುಟ್ಟ."

"ಬಾಗಿಲಲ್ಲಿ ಯಾರೂ ಕೇಳ್ತಾನೇ ಇರ್ಲಿಲ್ಲ. ಕರೀದೇ ಇದ್ರೂ ಎಲ್ಲಾ ಕಡೆ ನುಗ್ತೀಯಲ್ಲ, ಇವತ್ತೂ ನುಗ್ತೀಯ ಅಂತ ಕೊನೇವರೆಗೂ ಬಾಗಿಲೇ ನೋಡ್ತಿದ್ದೆ!"